ಮಂಗಳೂರಿನ ಹಂಪನಕಟ್ಟೆಯ ಓಣಿಯಲ್ಲಿ ಟವರ್ ಬರುತ್ತದಂತೆ, ಓಣಿ ಬಂದ್ ಅಂತೆ. ಬಾಡಿಗೆ ಅಂಗಡಿಯವರು ಏನು ಮಾಡಬೇಕು?

ನಿಮ್ಮ ಪ್ರಶ್ನೆ ಓದಿ ನನ್ನದೇ ಹಳೆಯ ಕಥೆ ನೆನಪಾಯಿತು. ಹಂಪನಕಟ್ಟೆ ಹತ್ತಿರದ ಓಣಿಯಲ್ಲಿ ನಿಮಗೆ ತಂದೆಯ ಕಾಲದಿಂದ ಬಾಡಿಗೆಗೆ ಟೈಲರಿಂಗ್ ಸಾಮಾನಿನ ಅಂಗಡಿ ಉಂಟು. ಮಾಲೀಕರು ಹಂಚಿನ ಕಟ್ಟಡ ಕೆಡವಿ ಹದಿನೆಂಟು ಮಹಡಿಯ ಟವರಿಗೆ ಬಿಲ್ಡರ್ ಜೊತೆ ಮಾತಾಡಿದ್ದಾರೆ. ಕೆಲಸ ಮುಗಿಯುವ ತನಕ ಓಣಿ ಬಂದ್ ಎಂಬ ಸುದ್ದಿಯೂ ಉಂಟು. ಊರಿನ ನಡುವೆ ಇಷ್ಟು ಎತ್ತರದ ಕಟ್ಟಡ ಬೇಕಾ, ವಿರೋಧ ಮಾಡುವುದು ಹೇಗೆ ಎಂದು ಕೇಳಿದ್ದೀರಿ.

ನಾನು ವಕೀಲನೂ ಅಲ್ಲ, ಇಂಜಿನಿಯರೂ ಅಲ್ಲ. ಮಾರ್ಕೆಟ್ ರೋಡಿನ ಆಸುಪಾಸಿನಲ್ಲಿ ಮದುವೆ ಕಾಗದ ಪ್ರಿಂಟ್ ಮಾಡುವ ಸಣ್ಣ ಪ್ರೆಸ್ಸು ನನ್ನದು. ಬದುಕಿನಲ್ಲಿ ಒಂದು ಸಲ ರಸ್ತೆ ಬಂದ್ ಅನುಭವಿಸಿದ್ದೇನೆ, ಪಕ್ಕದಲ್ಲಿ ಒಂದು ದೊಡ್ಡ ಗುಂಡಿಯನ್ನೂ ನೋಡಿದ್ದೇನೆ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ, ಎತ್ತರದ ವಿಷಯ ಬಿಡಿ. ಕದ್ರಿ, ಬಿಜೈ, ಫಳ್ನೀರ್ ಕಡೆ ಕತ್ತೆತ್ತಿ ನೋಡುವ ಕಟ್ಟಡಗಳು ಬಂದು ಎಷ್ಟೋ ಕಾಲ ಆಯಿತು. ಹದಿನೆಂಟು ಇರಲಿ, ಎಂಟು ಇರಲಿ, ನಿಮ್ಮ ಅಂಗಡಿ ಉಳಿಯುವುದೋ ಇಲ್ಲವೋ ಎನ್ನುವುದು ಕೆಳಗೆ, ರಸ್ತೆಯಲ್ಲಿ ತೀರ್ಮಾನ ಆಗುತ್ತದೆ.

ನಮ್ಮ ಓಣಿಗೆ ಕಾಂಕ್ರೀಟ್ ಹಾಕಿದಾಗ ಆದದ್ದು ಹೇಳುತ್ತೇನೆ. ಜನವರಿಯಲ್ಲಿ ಶುರು ಮಾಡಿದರು. ದೊಡ್ಡ ರಸ್ತೆಯಾದರೆ ಅರ್ಧ ಅರ್ಧ ಮಾಡಬಹುದು, ಓಣಿಗೆ ಆ ಭಾಗ್ಯ ಇಲ್ಲ, ಪೂರ್ತಿ ಬಂದ್. ಕಂಟ್ರಾಕ್ಟರ್ ಕಡೆಯವರು "ಒಂದೂವರೆ ತಿಂಗಳು ಸಾಕು ಮಾರಾಯ್ರೆ" ಎಂದರು. ಅಗೆದರೆ ಕೆಳಗೆ ಹಳೆಯ ನೀರಿನ ಪೈಪು, ಅದರಡಿ ಒಳಚರಂಡಿ, ಪಕ್ಕದಲ್ಲಿ ಯಾರದ್ದೆಂದು ಗೊತ್ತಿಲ್ಲದ ಕೇಬಲ್. ಯಾವುದು ಎಲ್ಲಿ ಹೋಗುತ್ತದೆ ಎಂಬ ನಕ್ಷೆ ಯಾರ ಕೈಯಲ್ಲೂ ಇರಲಿಲ್ಲ. ಆಮೇಲೆ ಕಾಂಕ್ರೀಟ್ ಹಾಕಿ, ಅದರ ಮೇಲೆ ಸಣ್ಣ ಸಣ್ಣ ಮಣ್ಣಿನ ಕಟ್ಟ ಕಟ್ಟಿ, ವಾರಗಟ್ಟಲೆ ನೀರು ನಿಲ್ಲಿಸಿದರು. ಕಾಂಕ್ರೀಟಿಗೆ ಪೂರ್ತಿ ಬಲ ಬರಲು 28 ದಿನ ಎಂದು ಲೆಕ್ಕ, ಅದನ್ನು ತಪ್ಪು ಎನ್ನಲಾರೆ. ಆದರೆ "ಪತ್ತನಾಜೆಯ ಒಳಗೆ ಖಂಡಿತ" ಎಂದು, ಅಂದರೆ ಮೇ ಕೊನೆಯ ಹೊತ್ತಿಗೆ ಎಂದು, ಮಾತು ಬದಲಾದಾಗಲೇ ನನಗೆ ಅರ್ಥ ಆಯಿತು, ಈ ಸೀಸನ್ ಹೋಯಿತು ಎಂದು.

ಮದುವೆ ಕಾಗದ ಆರಿಸಲು ಒಬ್ಬರೇ ಬರುವುದಿಲ್ಲ. ಹುಡುಗಿ, ತಾಯಿ, ಚಿಕ್ಕಮ್ಮ, ಜೊತೆಗೆ ಒಬ್ಬರು ಅಜ್ಜಿ. ಚರಂಡಿಯ ಮೇಲೆ ಇಟ್ಟ ಹಲಗೆಯ ತುದಿಯಲ್ಲಿ ಅಜ್ಜಿ ನಿಂತರೆ ಮುಗಿಯಿತು, ಎಲ್ಲರೂ ವಾಪಸ್. ಒಂದು ದಿನ ನಾನೇ ಸ್ಯಾಂಪಲ್ ಆಲ್ಬಂ ಹೊತ್ತುಕೊಂಡು ಓಣಿಯ ಬಾಯಿಗೆ ಹೋಗಿ, ಜ್ಯೂಸ್ ಅಂಗಡಿಯ ಬೆಂಚಿನಲ್ಲಿ ಕೂತು ಆರ್ಡರ್ ತೆಗೆದುಕೊಂಡೆ. ಜ್ಯೂಸಿನ ಬಿಲ್ಲು ನಾನೇ ಕೊಟ್ಟೆ, ಅದು ಬೇರೆ.

ಇನ್ನೊಂದು ಪೆಟ್ಟು ಮಳೆ ಬಂದ ಮೇಲೆ ಗೊತ್ತಾಯಿತು. ಮೊದಲು ನನ್ನ ಅಂಗಡಿಗೆ ಒಂದು ಮೆಟ್ಟಿಲು ಹತ್ತಬೇಕಿತ್ತು. ಹೊಸ ರಸ್ತೆ ಆದ ಮೇಲೆ ನಾಲ್ಕು ಬೆರಳು ಇಳಿಯಬೇಕು. ಜೂನ್ ಮೊದಲ ಜೋರು ಮಳೆಗೆ ಕೆಳಗಿನ ಸಾಲಿನ ಕಾಗದದ ರಿಮ್ಮುಗಳೆಲ್ಲ ಉಬ್ಬಿ ಹಲಸಿನ ಹಣ್ಣಿನ ಹಾಗೆ ಆದವು. ಹಾಗಾಗಿ ನಿಮ್ಮ ಓಣಿಯಲ್ಲಿ ಯಾವ ಕೆಲಸ ಆಗುವುದಾದರೂ "ಮುಗಿದ ಮೇಲೆ ರಸ್ತೆಯ ಲೆವೆಲ್ ಎಷ್ಟು" ಎಂದು ಮೊದಲೇ ಕೇಳಿ. ಈ ಪ್ರಶ್ನೆ ಯಾರೂ ಕೇಳುವುದಿಲ್ಲ.

ಈಗ ಗುಂಡಿಯ ವಿಷಯ. ಟವರ್ ಎಂದರೆ ಕಾರ್ ಪಾರ್ಕಿಂಗ್, ಪಾರ್ಕಿಂಗ್ ಎಂದರೆ ಎರಡು ಮೂರು ಬೇಸ್‌ಮೆಂಟ್, ಅಂದರೆ ನಿಮ್ಮ ಗೋಡೆಯ ಪಕ್ಕದಲ್ಲೇ ಮೂವತ್ತು ಅಡಿ ಆಳ. ನಮ್ಮ ಮಣ್ಣು ನಿಮಗೆ ಗೊತ್ತುಂಟಲ್ಲ, ಮೇಲೆ ಮುರಕಲ್ಲು ಎಂಬ ಕೆಂಪು ಕಲ್ಲು, ಅದರಡಿ ಶೇಡಿ ಎಂಬ ನುಣುಪು ಜೇಡಿಮಣ್ಣು. ಈ ಶೇಡಿ ಒಣಗಿದ್ದಾಗ ಗೋಡೆಯ ಹಾಗೆ ನೆಟ್ಟಗೆ ನಿಲ್ಲುತ್ತದೆ. ನೀರು ಕುಡಿದರೆ ನೀರುದೋಸೆಯ ಹಿಟ್ಟು. ಇಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಡಿಸೆಂಬರಿನಲ್ಲಿ ಅಗೆದು ಮೇ ಒಳಗೆ ಬೇಸ್‌ಮೆಂಟ್ ಗೋಡೆ ಎದ್ದರೆ ಸರಿ. ಏಪ್ರಿಲ್‌ನಲ್ಲಿ ಅಗೆಯಲು ಶುರು ಮಾಡುತ್ತಾರೆ ಎಂದರೆ ಮಾತ್ರ ಗಲಾಟೆ ಮಾಡಿ, ನಾನೂ ಬರುತ್ತೇನೆ.

ನಮ್ಮ ಪಕ್ಕದ ಗುಂಡಿ ಎರಡು ಮಳೆಗಾಲ ಹಾಗೇ ತೆರೆದಿತ್ತು. ದುಡ್ಡಿನ ತೊಂದರೆಯೋ ಪಾಲುದಾರರ ಜಗಳವೋ, ಕೆಲಸ ನಿಂತಿತು. ಕಪ್ಪೆ ಕೂಗುತ್ತಿತ್ತು, ಸೊಳ್ಳೆ ಸಾಕಷ್ಟು. ನನ್ನ ಹಿಂದಿನ ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಂತು. ಅವರ ಸೈಟಿನವರು "ಅದು ಮೊದಲೇ ಇತ್ತು" ಎಂದರು. ನನ್ನ ಹತ್ತಿರ ಫೋಟೋ ಇರಲಿಲ್ಲ, ಸುಮ್ನೆ ಬಂದೆ. ನೀವು ಹಾಗೆ ಮಾಡಬೇಡಿ. ಅಗೆಯುವ ಮೊದಲೇ ಒಳಗೆ ಹೊರಗೆ ಎಲ್ಲ ಗೋಡೆಯ ಫೋಟೋ ತೆಗೆಯಿರಿ, ಆ ದಿನದ ಪೇಪರ್ ಪಕ್ಕದಲ್ಲಿ ಹಿಡಿದು. ನಿಮ್ಮ ಕಟ್ಟಡವೇ ಹೋಗುವುದಾದರೆ ಇದು ನಿಮಗಲ್ಲ, ಆಚೀಚೆ ಅಂಗಡಿಯವರಿಗೆ ಹೇಳಿ.

ರಸ್ತೆ ಬಂದ್ ಮಾಡುವ ಅಧಿಕಾರ ಬಿಲ್ಡರಿಗೆ ಇಲ್ಲ. ನಾಲ್ಕು ಡ್ರಮ್ ಇಟ್ಟು ಹಗ್ಗ ಕಟ್ಟಿದ ಮಾತ್ರಕ್ಕೆ ಅದು ಬಂದ್ ಆಗುವುದಿಲ್ಲ. ತಾತ್ಕಾಲಿಕವಾಗಿ ಸಂಚಾರ ನಿಲ್ಲಿಸಲು ಮೋಟಾರು ವಾಹನ ಕಾಯ್ದೆ 1988ರ ಕಲಂ 115, ಕರ್ನಾಟಕ ಮೋಟಾರು ವಾಹನ ನಿಯಮಗಳು 1989ರ ನಿಯಮ 221(ಎ)(5) ಎಂದು ಹೇಳಿ ಪೊಲೀಸ್ ಕಮಿಷನರ್ ಅಧಿಸೂಚನೆ ಹೊರಡಿಸುತ್ತಾರೆ. ಪೇಪರಿನಲ್ಲಿ ನೋಡಿರುತ್ತೀರಿ, ಎಲ್ಲಿಂದ ಎಲ್ಲಿಗೆ, ಯಾವ ತಾರೀಕಿನಿಂದ ಯಾವ ತಾರೀಕಿಗೆ, ಬದಲಿ ದಾರಿ ಯಾವುದು ಎಂದು ಅದರಲ್ಲಿ ಇರುತ್ತದೆ. ಆ ಹಾಳೆ ಕೇಳಿ. ತಾರೀಕು ದಾಟಿದರೆ ಹೊಸ ಹಾಳೆ ಎಲ್ಲಿ ಎಂದು ಕೇಳಿ. ವಾಹನ ಬಂದ್ ಆದರೂ ನಡೆದುಕೊಂಡು ಹೋಗಲು ದಾರಿ ಬಿಡಲಿ, ಒಂದು ಗಾಲಿಕುರ್ಚಿ ಹೋಗುವಷ್ಟು ಅಗಲ ಇರಲಿ ಎಂದು ಓಣಿಯ ಎಲ್ಲ ಅಂಗಡಿಯವರೂ ಸಹಿ ಹಾಕಿ ಬರೆದು ಕೊಡಿ. ನನ್ನ ಅಂಗಡಿಯ ಅಜ್ಜಿಯ ಹಲಗೆಯ ಕಥೆ ನಿಮಗೆ ಆಗಬಾರದು.

ಪಾಲಿಕೆಯಿಂದ ಮಾಹಿತಿ ಬೇಕಾದರೆ ಹತ್ತು ರೂಪಾಯಿಯ ಆರ್‌ಟಿಐ ಸಾಕು, ಉತ್ತರಕ್ಕೆ 30 ದಿನ ಗಡುವು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ನಾನು ಇದು ಗೊತ್ತಿಲ್ಲದೆ ಎರಡು ಪುಟ ಮನಸ್ಸಿನ ಭಾರ ಎಲ್ಲ ಬರೆದಿದ್ದೆ, ವಾಪಸ್ ಬಂತು. ಮಂಜೂರಾದ ನಕ್ಷೆಗೆ ಒಂದು ಅರ್ಜಿ, ರಸ್ತೆ ಅಗೆಯಲು ಕೊಟ್ಟ ಅನುಮತಿಗೆ ಇನ್ನೊಂದು. ಬಿಲ್ಡರ್‌ಗಳ ಪ್ರಾಜೆಕ್ಟ್‌ಗಳ ಮೇಲೆ ಕಣ್ಣಿಡುವ ಸರ್ಕಾರಿ ಪ್ರಾಧಿಕಾರ ರೇರಾದ ವೆಬ್‌ಸೈಟಿನಲ್ಲೂ ನೋಡಿ. ಮಾರಾಟಕ್ಕಿರುವ ಇಷ್ಟು ದೊಡ್ಡ ಪ್ರಾಜೆಕ್ಟ್ ಅಲ್ಲಿ ನೋಂದಣಿ ಆಗಲೇಬೇಕು, ಮುಗಿಸುವ ತಾರೀಕನ್ನು ಬಿಲ್ಡರ್ ತಾನೇ ಅಲ್ಲಿ ಬರೆದಿರುತ್ತಾರೆ. ಬಾಯಲ್ಲಿ ಹೇಳುವ ತಾರೀಕಿಗೂ ಅದಕ್ಕೂ ಎಷ್ಟು ದೂರ ಎಂದು ಹೋಲಿಸಿ, ಮಜಾ ಉಂಟು.

ಓಣಿಯ ಬಾಯಿಯಲ್ಲಿ ಮಲ್ಲಿಗೆ, ಬಸಳೆ ಮಾರುವವರು ಇದ್ದರೆ ಅವರನ್ನೂ ಸೇರಿಸಿಕೊಳ್ಳಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಲ್ಲಿ ಅವರನ್ನು ಎಬ್ಬಿಸುವ ಮೊದಲು 30 ದಿನದ ನೋಟಿಸ್ ಕೊಡಬೇಕು.

ನಿಮ್ಮ ಬಾಡಿಗೆ ವಿಷಯವೇ ಜಾಸ್ತಿ ಸೂಕ್ಷ್ಮ. "ನಲವತ್ತು ವರ್ಷದಿಂದ ಇದ್ದೇವೆ, ಎಬ್ಬಿಸಲು ಆಗುವುದಿಲ್ಲ" ಎಂದು ಬರೆದಿದ್ದೀರಿ. ಹಾಗೆ ನಂಬಿ ಕೂರಬೇಡಿ. ಕರ್ನಾಟಕ ಬಾಡಿಗೆ ಕಾಯ್ದೆ 1999ರ ರಕ್ಷಣೆ 14 ಚದರ ಮೀಟರಿಗಿಂತ ದೊಡ್ಡ ವಾಣಿಜ್ಯ ಜಾಗಕ್ಕೆ ಸಿಗುವುದಿಲ್ಲ. 14 ಚದರ ಮೀಟರ್ ಅಂದರೆ ಸುಮಾರು 150 ಚದರ ಅಡಿ. ಅದಕ್ಕಿಂತ ದೊಡ್ಡದಿದ್ದು ತಿಂಗಳ ಬಾಡಿಗೆಯಾದರೆ, ಬೇರೆ ಕರಾರು ಇಲ್ಲದಿದ್ದಲ್ಲಿ, ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಮಿನ ಪ್ರಕಾರ ಹದಿನೈದು ದಿನದ ನೋಟಿಸ್ ಸಾಕು. ಆಮೇಲೆ ಕೋರ್ಟಿನಲ್ಲಿ ಎಷ್ಟು ವರ್ಷ ಎಳೆಯುತ್ತದೆ ಎನ್ನುವುದು ಬೇರೆ ಮಾತು. ಇಂದೇ ಟೇಪ್ ಹಿಡಿದು ಅಂಗಡಿ ಅಳೆದು, ಒಬ್ಬ ಸಿವಿಲ್ ವಕೀಲರ ಹತ್ತಿರ ಹೋಗಿ.

ಬೇರೆ ಕಡೆ ಜಾಗ ಕೊಡುತ್ತೇವೆ ಎಂದರೆ ಎಲ್ಲಿ ಎಂದು ನೋಡಿ ಒಪ್ಪಿ. ಸೆಂಟ್ರಲ್ ಮಾರ್ಕೆಟ್ ನೆನಪು ಮಾಡಿಕೊಳ್ಳಿ. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ಹೊತ್ತಿಗೆ, ಅದನ್ನು ಮುಚ್ಚಿ ಹೋಲ್‌ಸೇಲ್‌ನವರನ್ನು ದೂರದ ಬೈಕಂಪಾಡಿಯ ಎಪಿಎಂಸಿ ಯಾರ್ಡಿಗೆ ಕಳಿಸಿದರು. ನಮ್ಮ ಮನೆಗೆ ಮೂವತ್ತು ವರ್ಷ ಅಲ್ಲಿಂದಲೇ ತರಕಾರಿ ಬರುತ್ತಿತ್ತು. ಈಗ ಮನೆ ಪಕ್ಕದ ಅಂಗಡಿಯಿಂದ ಬರುತ್ತದೆ, ಹಳೆಯ ಅಂಗಡಿಯವರನ್ನು ಹುಡುಕಿಕೊಂಡು ನಾನೇ ಹೋಗಿಲ್ಲ. ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಇಳಿದು ನಿಮ್ಮ ಹತ್ತಿರ ಝಿಪ್ಪು, ಬಟನ್ನು ತೆಗೆದುಕೊಳ್ಳುವವರು ಅದಕ್ಕಾಗಿ ಕೊಟ್ಟಾರದಷ್ಟು ದೂರ ಬರುತ್ತಾರಾ ಎಂದು ನೀವೇ ಯೋಚಿಸಿ. ನಡೆದು ಬರುವ ದೂರದಲ್ಲಿ ಚಿಕ್ಕ ಗೂಡಾದರೂ ಸಾಕು, ದೂರದ ದೊಡ್ಡ ಅಂಗಡಿ ಬೇಡ.

ಹೊಸ ಕಟ್ಟಡದಲ್ಲಿ ಅಂಗಡಿ ಕೊಡುತ್ತೇವೆ ಎಂಬ ಮಾತು ನಿಮಗೂ ಬಂದಿರಬೇಕು, ಎಲ್ಲರಿಗೂ ಬರುತ್ತದೆ. ಅದು ಮಾಲೀಕರು, ಬಿಲ್ಡರ್ ಇಬ್ಬರೂ ಸಹಿ ಹಾಕಿದ, ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಆದ ಪತ್ರವಾಗಿ ಬರಲಿ. ಯಾವ ಮಹಡಿ, ಯಾವ ಕಡೆ ಮುಖ, ತಡವಾದರೆ ತಿಂಗಳಿಗೆ ಎಷ್ಟು ಕೊಡುತ್ತಾರೆ ಎಂದು ಅದರಲ್ಲಿ ಇರಲಿ. ನನ್ನ ಪರಿಚಯದವರೊಬ್ಬರಿಗೆ "ಗ್ರೌಂಡ್ ಫ್ಲೋರ್" ಎಂದು ಬರೆದು ಕೊಟ್ಟಿದ್ದರು. ಇಳಿಜಾರಿನ ಜಾಗ, ಗ್ರೌಂಡ್ ಫ್ಲೋರ್ ಹಿಂದಿನಿಂದ ನೋಡಿದರೆ ಮಾತ್ರ ಗ್ರೌಂಡ್. ರಸ್ತೆಯಿಂದ ಹದಿನಾಲ್ಕು ಮೆಟ್ಟಿಲು ಇಳಿಯಬೇಕು. ಹಾಗಾಗಿ "ಓಣಿಯ ಮಟ್ಟದಲ್ಲಿ, ಓಣಿಗೆ ಬಾಗಿಲು" ಎಂದೇ ಬರೆಸಿ. ಅಳತೆಯ ಮುಂದೆ ಕಾರ್ಪೆಟ್ ಏರಿಯಾ (ಒಳಗೆ ನಿಜವಾಗಿ ಬಳಸುವ ಜಾಗ) ಎಂದಿದೆಯೋ ಸೂಪರ್ ಬಿಲ್ಟಪ್ (ಗೋಡೆ, ಮೆಟ್ಟಿಲಿನ ಪಾಲೂ ಸೇರಿದ್ದು) ಎಂದಿದೆಯೋ, ಅದನ್ನೂ ನೋಡಿ.