ಎರರ್ ಸಾಲು ಔಟ್‌ಪುಟ್ ಫೈಲ್‌ನೊಳಗೆ ಹೋಗಿ ಕೂರುವುದೇಕೆ, ತಡೆಯುವುದು ಹೇಗೆ

ಈಗಷ್ಟೇ ಓದುತ್ತಿರುವವರಿಗಾಗಿ ಪ್ರಶ್ನೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ನೀವು ಪೈಥಾನ್‌ನಲ್ಲಿ ಒಂದು ಪುಟ್ಟ ಟೂಲ್ ಬರೆದಿದ್ದೀರಿ. ಹಲವು ಸಿಎಸ್‌ವಿ ಫೈಲ್ ಕೊಟ್ಟರೆ ಅವುಗಳಲ್ಲಿರುವ ಹೆಸರುಗಳನ್ನು ಸಾಲಿಗೊಂದರಂತೆ ಬರೆಯುತ್ತದೆ. ಅದರ ಔಟ್‌ಪುಟ್ ಅನ್ನು ಸಾರ್ಟ್‌ಗೆ (ಸಾಲುಗಳನ್ನು ಅಕ್ಷರಕ್ರಮದಲ್ಲಿ ಜೋಡಿಸುವ ಕಮಾಂಡ್) ಪೈಪ್ ಮಾಡಿ, ಅಂದರೆ ನೇರವಾಗಿ ಅದರೊಳಗೆ ಹರಿಸಿ, ‘ಪಟ್ಟಿ’ ಅನ್ನೋ ಫೈಲ್‌ಗೆ ಉಳಿಸಿದ್ದೀರಿ. ಕೊಟ್ಟ ಫೈಲ್‌ಗಳಲ್ಲಿ ಒಂದು ಇರಲೇ ಇಲ್ಲ. ಸ್ಕ್ರೀನ್ ಮೇಲೆ ಏನೂ ಕಾಣಲಿಲ್ಲ, ಆದರೆ ಪಟ್ಟಿಯ ನಡುವೆ ‘ಫೈಲ್ ಸಿಗಲಿಲ್ಲ’ ಅನ್ನೋ ಸಾಲು ಬಂದು ಕೂತಿದೆ. ನಿಮ್ಮ ಪ್ರಶ್ನೆಯ ಕೆಳಗೆ ಇನ್ನೊಬ್ಬರು, ‘ಪ್ರಿಂಟ್ ಮಾಡಿದ್ದೆಲ್ಲ ಸ್ಕ್ರೀನ್‌ಗೇ ತಾನೇ ಬರೋದು, ಅದಕ್ಕೆ ಎರಡು ದಾರಿ ಯಾಕೆ’ ಅಂತ ಕೇಳಿದ್ದಾರೆ. ಎರಡೂ ಒಂದೇ ಪ್ರಶ್ನೆ.

ಯುನಿಕ್ಸ್, ಲಿನಕ್ಸ್, ಮ್ಯಾಕ್ ಯಾವುದೇ ಇರಲಿ, ಶೆಲ್‌ನಿಂದ (ನಾವು ಟೈಪ್ ಮಾಡಿದ ಕಮಾಂಡ್ ಓಡಿಸುವ ಪ್ರೋಗ್ರಾಂ) ಒಂದು ಪ್ರೋಗ್ರಾಂ ಶುರುವಾದಾಗ ಅದಕ್ಕೆ ಮೂರು ದಾರಿ ತೆರೆದೇ ಇರುತ್ತವೆ. 0 ಅಂದರೆ ಸ್ಟ್ಯಾಂಡರ್ಡ್ ಇನ್‌ಪುಟ್, 1 ಅಂದರೆ ಸ್ಟ್ಯಾಂಡರ್ಡ್ ಔಟ್‌ಪುಟ್, 2 ಅಂದರೆ ಸ್ಟ್ಯಾಂಡರ್ಡ್ ಎರರ್. ಟರ್ಮಿನಲ್‌ನಲ್ಲಿ ಸುಮ್ನೆ ಓಡಿಸಿದಾಗ 1 ಮತ್ತು 2 ಎರಡೂ ಅದೇ ಸ್ಕ್ರೀನ್‌ಗೆ ಬರುತ್ತವೆ. ಹಾಗಾಗಿ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಪೈಪ್ ಹಾಕಿದ ಕೂಡಲೇ ಗೊತ್ತಾಗುತ್ತದೆ. ಪೈಪ್ ಚಿಹ್ನೆ ಎತ್ತಿಕೊಂಡು ಹೋಗುವುದು 1ನ್ನು ಮಾತ್ರ. ಔಟ್‌ಪುಟ್ ಅನ್ನು ಫೈಲ್‌ಗೆ ತಿರುಗಿಸುವ > ಚಿಹ್ನೆಯೂ ಅಷ್ಟೇ. 2 ಅಲ್ಲೇ ಸ್ಕ್ರೀನ್ ಮೇಲೆ ಉಳಿಯುತ್ತದೆ.

ಪೈಥಾನ್‌ನ ಸಾದಾ ಪ್ರಿಂಟ್ ಬರೆಯುವುದು 1ಕ್ಕೆ. ನಿಮ್ಮ ಎರರ್ ಸಂದೇಶವೂ ಅದೇ ದಾರಿ ಹಿಡಿದು ಸಾರ್ಟ್‌ನ ಕೈಗೆ ಹೋಯಿತು. ಸಾರ್ಟ್‌ಗೆ ಅದು ಎರರ್ ಅಂತ ಹೇಗೆ ಗೊತ್ತಾಗಬೇಕು? ಅದೂ ಒಂದು ಹೆಸರು ಅಂತಲೇ ಜೋಡಿಸಿತು. ನಿಮ್ಮ ಪಟ್ಟಿಯಲ್ಲಿ ಆ ಸಾಲು ಎಲ್ಲಿದೆ ನೋಡಿ: ಪ ಅಕ್ಷರದ ಹೆಸರುಗಳು ಮುಗಿದು ಬ ಅಕ್ಷರದವು ಶುರುವಾಗುವ ಜಾಗದಲ್ಲಿ ಇರುತ್ತದೆ. ಮೊದಲ ಸಾಲಲ್ಲೋ ಕೊನೆಯ ಸಾಲಲ್ಲೋ ಬಂದಿದ್ದರೆ ಕಣ್ಣಿಗೆ ಬೀಳುತ್ತಿತ್ತು. ಸಾವಿರ ಹೆಸರಿನ ನಡುವೆ ಕೂತರೆ ಯಾರು ನೋಡುತ್ತಾರೆ? ಆ ಫೈಲ್‌ನ ಸಾಲು ಎಣಿಸಿ ‘ಇಷ್ಟು ಹೆಸರು ಇವೆ’ ಅಂತ ಎಲ್ಲಾದರೂ ಬರೆದಿದ್ದರೆ ಆ ಲೆಕ್ಕದಲ್ಲೂ ಒಂದು ಜಾಸ್ತಿ ಬಂದಿರುತ್ತದೆ.

ಇದು ಹಳೆಯ ತೊಂದರೆ. ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್‌ಗೆ ಪೈಪ್ ಬಂದದ್ದು 1973ರಲ್ಲಿ. ಆಗ ಎರರ್‌ಗೆ ಬೇರೆ ದಾರಿ ಇರಲಿಲ್ಲ. ಅಲ್ಲಿ ದಾಖಲೆಗಳನ್ನು ಫೋಟೋಟೈಪ್‌ಸೆಟರ್ ಅನ್ನೋ ಅಚ್ಚುಜೋಡಣೆ ಯಂತ್ರಕ್ಕೆ ಕಳಿಸುತ್ತಿದ್ದರು. ಎರರ್ ಸಂದೇಶವೂ ಅದೇ ದಾರಿಯಲ್ಲಿ ಹೋಗಿ, ಸ್ಕ್ರೀನ್ ಮೇಲೆ ಕಾಣುವ ಬದಲು ಅಚ್ಚಾಗಿ ಬರುತ್ತಿತ್ತು. ಹೀಗೆ ಕೆಲವು ಸಲ ಕೆಲಸ ಹಾಳಾದ ಮೇಲೆ, ಅದೇ ದಶಕದಲ್ಲಿ, 2ನೇ ದಾರಿಯನ್ನು ಬೇರೆ ಮಾಡಿದರು. ನಿಮ್ಮ ಪಟ್ಟಿಗೆ ಆದದ್ದೂ ಅದೇ.

ತಿದ್ದುವುದು ಸುಲಭ. ಪೈಥಾನ್‌ನಲ್ಲಿ ಪ್ರಿಂಟ್‌ಗೆ ಫೈಲ್ ಅನ್ನೋ ಆರ್ಗ್ಯುಮೆಂಟ್ ಇದೆ, ಅದಕ್ಕೆ ಸಿಸ್ ಮಾಡ್ಯೂಲ್‌ನ ಎಸ್‌ಟಿಡಿಎರರ್ ಕೊಟ್ಟರೆ ಆಯಿತು. ಲಾಗಿಂಗ್ ಮಾಡ್ಯೂಲ್ ಬಳಸಿದರೆ ಅದು ತಾನಾಗಿಯೇ 2ಕ್ಕೆ ಬರೆಯುತ್ತದೆ. ಸಿಸ್‌ನ ಎಕ್ಸಿಟ್‌ಗೆ ನಂಬರ್ ಬದಲು ಒಂದು ವಾಕ್ಯವನ್ನೇ ಕೊಟ್ಟರೆ, ಆ ವಾಕ್ಯ 2ಕ್ಕೆ ಹೋಗಿ ಪ್ರೋಗ್ರಾಂ 1 ಅನ್ನೋ ಎಕ್ಸಿಟ್ ಕೋಡ್‌ನೊಂದಿಗೆ (ಮುಗಿಯುವಾಗ ಪ್ರೋಗ್ರಾಂ ಬಿಟ್ಟುಹೋಗುವ ಫಲಿತಾಂಶದ ಅಂಕಿ) ಮುಗಿಯುತ್ತದೆ. ಚಿಕ್ಕ ಸ್ಕ್ರಿಪ್ಟ್‌ಗೆ ಇದೇ ಸಾಕು. ಶೆಲ್ ಸ್ಕ್ರಿಪ್ಟ್ ಬರೆಯುವವರು ಎಕೋ ಸಾಲಿಗೆ >&2 ಸೇರಿಸಿ. ಸಿ ಭಾಷೆಯಲ್ಲಿ ಎಸ್‌ಟಿಡಿಎರರ್ ಕೊಟ್ಟ ಎಫ್‌ಪ್ರಿಂಟ್‌ಎಫ್ ಅಥವಾ ಪಿಎರರ್, ನೋಡ್ ಜೆಎಸ್‌ನಲ್ಲಿ ಕನ್ಸೋಲ್ ಎರರ್, ರಸ್ಟ್‌ನಲ್ಲಿ ಇಪ್ರಿಂಟ್‌ಎಲ್‌ಎನ್. ಎಲ್ಲ ಭಾಷೆಯಲ್ಲೂ ಒಂದು ಸಾಲಿನ ಕೆಲಸ.

ಯಾವ ಸಾಲನ್ನು ಎಲ್ಲಿಗೆ ಕಳಿಸಬೇಕು ಅನ್ನೋದರಲ್ಲೇ ಯೋಚನೆ ಬೇಕಾಗುವುದು. ನಾನು ನೋಡುವುದು ಇಷ್ಟು: ಬಳಸುವವರು ಯಾವುದಕ್ಕಾಗಿ ಈ ಕಮಾಂಡ್ ಓಡಿಸಿದರೋ ಅದು 1ಕ್ಕೆ. ಕೆಲಸ ಹೇಗೆ ನಡೆಯುತ್ತಿದೆ ಅಂತ ಅವರಿಗೆ ಹೇಳುವ ಮಾತೆಲ್ಲ 2ಕ್ಕೆ. ಎರರ್ ಮಾತ್ರ ಅಲ್ಲ, ಎಚ್ಚರಿಕೆ, ‘ಓದುತ್ತಿದ್ದೇನೆ’ ಅನ್ನೋ ಮಾಹಿತಿ, ಪ್ರೋಗ್ರೆಸ್ ಬಾರ್, ಡೀಬಗ್ ಸಾಲು ಎಲ್ಲವೂ 2ಕ್ಕೇ ಹೋಗಲಿ. ಕರ್ಲ್ ಡೌನ್‌ಲೋಡ್ ಮಾಡುವಾಗ ಓಡುವ ಅಂಕಿಗಳನ್ನು ನೋಡಿದ್ದೀರಲ್ಲ, ಅವು ಬರುವುದು 2ರಿಂದ. ಅದಕ್ಕೇ ಕರ್ಲ್‌ನ ಔಟ್‌ಪುಟ್ ಅನ್ನು ನೇರವಾಗಿ ಇನ್ನೊಂದು ಟೂಲ್‌ಗೆ ಪೈಪ್ ಮಾಡಿದರೂ ಡೇಟಾ ಕೆಡುವುದಿಲ್ಲ. ವಿಡಿಯೊ ಟೂಲ್ ಎಫ್‌ಎಫ್‌ಎಂಪೆಗ್ ಬರೆಯುವ ಉದ್ದುದ್ದ ಸಾಲುಗಳೂ ಅಲ್ಲಿಂದಲೇ.

ಹೆಲ್ಪ್ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಬಳಸುವವರು --ಹೆಲ್ಪ್ ಅಂತ ತಾವೇ ಕೇಳಿದರೆ ಆ ಪಠ್ಯವೇ ಅವರಿಗೆ ಬೇಕಾದ ಉತ್ತರ. ಅದು 1ಕ್ಕೆ ಹೋಗಲಿ, ಕೋಡ್ 0 ಇರಲಿ. ಆಗ ಅವರು ಅದನ್ನು ಗ್ರೆಪ್ ಮಾಡಬಹುದು (ಅದರೊಳಗೆ ಪದ ಹುಡುಕಬಹುದು), ಪುಟ ಪುಟವಾಗಿ ನೋಡಬಹುದು. ತಪ್ಪು ಆಯ್ಕೆ ಕೊಟ್ಟಿದ್ದಕ್ಕೆ ನೀವೇ ಬಳಕೆಯ ವಿಧಾನ ತೋರಿಸುತ್ತಿದ್ದರೆ ಅದು 2ಕ್ಕೆ ಹೋಗಬೇಕು, ಕೋಡ್ ಸೊನ್ನೆ ಆಗಬಾರದು. ಆಯ್ಕೆಗಳನ್ನು ಓದಿಕೊಡುವ ಪೈಥಾನ್‌ನ ಆರ್ಗ್‌ಪಾರ್ಸ್ ಮಾಡ್ಯೂಲ್ ಎರಡನ್ನೂ ತಾನೇ ಹೀಗೆ ಮಾಡುತ್ತದೆ, ತಪ್ಪು ಆಯ್ಕೆಗೆ 2 ಅನ್ನೋ ಕೋಡ್ ಕೊಡುತ್ತದೆ. ನಿಮ್ಮ ಟೂಲ್‌ನಲ್ಲಿ ಆಯ್ಕೆಗಳನ್ನು ಕೈಯಿಂದ ಓದುತ್ತಿದ್ದೀರಿ, ಆರ್ಗ್‌ಪಾರ್ಸ್‌ಗೆ ಬದಲಾಯಿಸಿಕೊಳ್ಳಿ. ವರ್ಷನ್ ನಂಬರ್ ಕೂಡ ಕೇಳಿದ ಉತ್ತರವೇ. ಪೈಥಾನ್ 3.4 ಬರುವ ತನಕ ಪೈಥಾನೇ ತನ್ನ ವರ್ಷನ್ ಅನ್ನು 2ಕ್ಕೆ ಬರೆಯುತ್ತಿತ್ತು, 3.4ರಲ್ಲಿ 1ಕ್ಕೆ ಬದಲಾಯಿಸಿದರು. ದೊಡ್ಡವರೂ ತಿದ್ದಿಕೊಂಡ ವಿಷಯ ಇದು.

ಇನ್ನು ಎಕ್ಸಿಟ್ ಕೋಡ್. ಸಂದೇಶ 2ಕ್ಕೆ ಹೋಯಿತು ಅಂತ ಕೆಲಸ ಮುಗಿಯಲಿಲ್ಲ. 2ರಲ್ಲಿ ಬರುವುದು ಮನುಷ್ಯರಿಗೆ, ಸ್ಕ್ರಿಪ್ಟ್‌ಗಳು ನೋಡುವುದು ಕೋಡ್. 0 ಅಂದರೆ ಎಲ್ಲ ಸರಿ, ಬೇರೆ ಏನೇ ಇದ್ದರೂ ಸಾಮಾನ್ಯವಾಗಿ ಸರಿ ಇಲ್ಲ. ನಿಮ್ಮ ಟೂಲ್ ಈಗ ಫೈಲ್ ಸಿಗದಿದ್ದರೂ 0 ಕೊಟ್ಟು ಮುಗಿಯುತ್ತಿದೆ. ಅದನ್ನು ನಂಬಿ ಮುಂದಿನ ಕೆಲಸ ಮಾಡುವ ಸ್ಕ್ರಿಪ್ಟ್ ಅರ್ಧ ಪಟ್ಟಿಯನ್ನೇ ಪೂರ್ತಿ ಪಟ್ಟಿ ಅಂದುಕೊಳ್ಳುತ್ತದೆ. ಹತ್ತು ಫೈಲ್‌ಗಳಲ್ಲಿ ಒಂದು ಇಲ್ಲದಿದ್ದರೆ ಅಲ್ಲೇ ನಿಲ್ಲಿಸಬೇಕಾಗಿಲ್ಲ. ಕ್ಯಾಟ್ ಕಮಾಂಡ್ ಮಾಡುವುದನ್ನು ನೋಡಿ: ಇಲ್ಲದ ಫೈಲ್ ಬಗ್ಗೆ 2ಕ್ಕೆ ಒಂದು ಸಾಲು ಬರೆದು, ಉಳಿದವನ್ನು ಓದಿ ಮುಗಿಸಿ, ಕೊನೆಯಲ್ಲಿ 1 ಅನ್ನೋ ಕೋಡ್ ಕೊಡುತ್ತದೆ. ನಿಮಗೂ ಅದೇ ಸರಿಹೋಗುತ್ತದೆ. ಒಂದು ವೇರಿಯೇಬಲ್‌ನಲ್ಲಿ ‘ತೊಂದರೆ ಆಗಿದೆ’ ಅಂತ ನೆನಪಿಟ್ಟುಕೊಂಡು ಕೊನೆಗೆ ಆ ಕೋಡ್ ಕೊಡಿ.

ಏನೂ ಸಿಗದಿರುವುದು ಎರರ್ ಅಲ್ಲ ಅನ್ನೋದನ್ನೂ ಗಮನಿಸಿ. ಗ್ರೆಪ್ ಹುಡುಕಿದ್ದು ಸಿಗದಿದ್ದರೆ ಒಂದು ಮಾತೂ ಬರೆಯುವುದಿಲ್ಲ, ‘ಸಿಗಲಿಲ್ಲ’ ಅನ್ನೋದಕ್ಕೆ 1 ಅನ್ನೋ ಕೋಡ್ ಕೊಟ್ಟು ಸುಮ್ಮನಾಗುತ್ತದೆ. ಫೈಲ್ ಓದಲು ಆಗದಿದ್ದರೆ ಮಾತ್ರ 2ನೇ ದಾರಿಯಲ್ಲಿ ಸಂದೇಶ, ಜೊತೆಗೆ 2 ಅನ್ನೋ ಕೋಡ್. ನಿಮ್ಮ ಟೂಲ್ ಹೆಸರೇ ಇಲ್ಲದ ಖಾಲಿ ಫೈಲ್‌ಗೆ ‘ಯಾವ ಹೆಸರೂ ಇಲ್ಲ’ ಅಂತ 1ಕ್ಕೆ ಬರೆಯುತ್ತಿದೆ. ಅದನ್ನು ತೆಗೆದುಬಿಡಿ. ಖಾಲಿ ಫೈಲ್‌ಗೆ ಖಾಲಿ ಔಟ್‌ಪುಟ್ಟೇ ಸರಿಯಾದ ಉತ್ತರ.

ಪೈಪ್‌ನಲ್ಲಿ ಇನ್ನೊಂದು ತೊಡಕಿದೆ. ನಿಮ್ಮ ಟೂಲ್ 1 ಕೊಟ್ಟರೂ, ಸಾರ್ಟ್ ಸರಿಯಾಗಿ ಮುಗಿದರೆ ಇಡೀ ಸಾಲಿನ ಕೋಡ್ 0 ಆಗುತ್ತದೆ. ಶೆಲ್ ನೋಡುವುದು ಪೈಪ್‌ನ ಕೊನೆಯ ಕಮಾಂಡ್ ಮಾತ್ರ. ಸ್ಕ್ರಿಪ್ಟ್‌ನ ಮೇಲ್ಗಡೆ ಪೈಪ್‌ಫೇಲ್ ಆಯ್ಕೆಯನ್ನು ಸೆಟ್ ಮಾಡಿದರೆ ನಡುವೆ ಸೋತ ಕಮಾಂಡ್‌ನ ಕೋಡ್ ಹೊರಗೆ ಬರುತ್ತದೆ. ಬ್ಯಾಶ್ ಶೆಲ್‌ನಲ್ಲಿ ಇದು ಬಹಳ ವರ್ಷಗಳಿಂದ ಇದೆ, ಯುನಿಕ್ಸ್ ತರಹದ ವ್ಯವಸ್ಥೆಗಳ ಪೋಸಿಕ್ಸ್ ಮಾನದಂಡಕ್ಕೂ 2024ರ ಆವೃತ್ತಿಯಲ್ಲಿ ಸೇರಿದೆ.

ಈ ಚರ್ಚೆಯಲ್ಲಿ ಒಬ್ಬರು ಎರಡನ್ನೂ ಒಂದೇ ಫೈಲ್‌ಗೆ ಉಳಿಸಲು ಹೋಗಿ ಎರರ್ ಮತ್ತೆ ಸ್ಕ್ರೀನ್ ಮೇಲೇ ಬರುತ್ತಿದೆ ಅಂದಿದ್ದಾರೆ. ಅವರು ಬರೆದಿರುವುದು ಹೀಗೆ:

ಟೂಲ್ 2>&1 > ಫೈಲ್

ಬೇಕಾಗಿರುವುದು ಹೀಗೆ:

ಟೂಲ್ > ಫೈಲ್ 2>&1

ಶೆಲ್ ಇವನ್ನು ಎಡದಿಂದ ಬಲಕ್ಕೆ ಒಂದೊಂದಾಗಿ ಮಾಡುತ್ತದೆ. 2>&1 ಅಂದರೆ ‘1 ಈಗ ಎಲ್ಲಿಗೆ ಹೋಗುತ್ತಿದೆಯೋ ಅಲ್ಲಿಗೆ 2 ಕೂಡ ಹೋಗಲಿ’ ಅಂತ. ಆ ಕ್ಷಣಕ್ಕೆ ಮಾತ್ರ. ಮೊದಲ ಸಾಲಿನಲ್ಲಿ ಆ ಕ್ಷಣ 1 ಇನ್ನೂ ಸ್ಕ್ರೀನ್‌ಗೆ ಹೋಗುತ್ತಿತ್ತು, ಹಾಗಾಗಿ 2 ಸ್ಕ್ರೀನ್ ಹಿಡಿಯಿತು. ಆಮೇಲೆ 1 ಫೈಲ್‌ಗೆ ತಿರುಗಿತು, 2 ಇದ್ದಲ್ಲೇ ಉಳಿಯಿತು. ಮೊದಲು 1ನ್ನು ತಿರುಗಿಸಿ, ಆಮೇಲೆ 2ನ್ನು ಅದರ ಜೊತೆ ಸೇರಿಸಿ. ಬೇರೆ ಬೇರೆ ಫೈಲ್ ಬೇಕಿದ್ದರೆ ಇಷ್ಟೇ:

ಟೂಲ್ > ಪಟ್ಟಿ 2> ದೋಷಗಳು

ಎರಡನ್ನೂ ಒಂದೇ ಫೈಲ್‌ಗೆ ಹಾಕಿದಾಗ ಸಾಲುಗಳು ಹಿಂದುಮುಂದಾಗಿ ಬಂದರೆ ಗಾಬರಿ ಬೇಡ. ಅದು ಬಫರಿಂಗ್‌ನಿಂದ. ಟರ್ಮಿನಲ್‌ಗೆ ಬರೆಯುವಾಗ 1ರ ಔಟ್‌ಪುಟ್ ಸಾಲು ಸಾಲಾಗಿ ಹೊರಗೆ ಬರುತ್ತದೆ. ಫೈಲ್ ಅಥವಾ ಪೈಪ್ ಆದರೆ ಮೊದಲು ಮೆಮೊರಿಯಲ್ಲಿ ಕೂಡಿಟ್ಟು ದೊಡ್ಡ ಕಂತಿನಲ್ಲಿ ಬರೆಯಲಾಗುತ್ತದೆ. ಸಿ ಭಾಷೆಯಲ್ಲಿ 2ಕ್ಕೆ ಹೀಗೆ ಕೂಡಿಡುವುದಿಲ್ಲ. ಪೈಥಾನ್ 3.9ರಿಂದ 2 ಯಾವಾಗಲೂ ಸಾಲು ಸಾಲಾಗಿಯೇ ಹೋಗುತ್ತದೆ. ಹೀಗಾಗಿ ನೂರನೇ ಹೆಸರಿನ ಮೇಲೆ ಬಂದ ಎರರ್ ಫೈಲ್‌ನಲ್ಲಿ ಮೊದಲನೇ ಹೆಸರಿಗಿಂತ ಮೇಲೆ ಕಾಣಬಹುದು. ನಿಜವಾಗಿ ಕ್ರಮ ಮುಖ್ಯ ಅನ್ನಿಸಿದರೆ ಎರರ್ ಬರೆಯುವ ಮುಂಚೆ 1ನ್ನು ಫ್ಲಶ್ ಮಾಡಿ (ಕೂಡಿಟ್ಟದ್ದನ್ನು ಆಗಲೇ ಬರೆಸಿ), ಇಲ್ಲವೇ ಪೈಥಾನ್ ಅನ್ನು -ಯು ಆಯ್ಕೆಯೊಂದಿಗೆ ಓಡಿಸಿ. ಸಾಮಾನ್ಯವಾಗಿ ಇಷ್ಟೂ ಬೇಕಾಗುವುದಿಲ್ಲ. ಎರರ್ ಸಂದೇಶದಲ್ಲೇ ಯಾವ ಫೈಲ್, ಎಷ್ಟನೇ ಸಾಲು ಅಂತ ಇದ್ದರೆ ಕ್ರಮದ ಹಂಗಿಲ್ಲ.

ನಿಮ್ಮ ಸಂದೇಶದಲ್ಲಿ ಈಗ ‘ಫೈಲ್ ಸಿಗಲಿಲ್ಲ’ ಅಂತ ಮಾತ್ರ ಇದೆ. ಯಾವ ಫೈಲ್? ಹೇಳಿದ್ದು ಯಾವ ಪ್ರೋಗ್ರಾಂ? ನಾಲ್ಕು ಕಮಾಂಡ್ ಪೈಪ್‌ನಲ್ಲಿದ್ದರೆ ನಾಲ್ಕರ 2ನೇ ದಾರಿಯೂ ಅದೇ ಸ್ಕ್ರೀನ್‌ಗೆ ಬರುತ್ತದೆ. ಹಾಗಾಗಿ ಟೂಲ್‌ನ ಹೆಸರು, ಫೈಲ್, ಸಾಲು, ಕಾರಣ ಈ ಕ್ರಮದಲ್ಲಿ ಬರೆಯಿರಿ:

ಹೆಸರುಪಟ್ಟಿ: ಮೂರು.ಸಿಎಸ್‌ವಿ:214: ಹೆಸರಿನ ಕಾಲಂ ಖಾಲಿ ಇದೆ

ಕಂಪೈಲರ್‌ಗಳು ಬಹಳ ಕಾಲದಿಂದ ಹೀಗೇ ಬರೆಯುತ್ತಿವೆ. ಫೈಲ್, ಕೋಲನ್, ಸಾಲಿನ ನಂಬರ್ ಕಂಡರೆ ಎಷ್ಟೋ ಎಡಿಟರ್‌ಗಳು ನೇರವಾಗಿ ಆ ಸಾಲಿಗೇ ಕರೆದುಕೊಂಡು ಹೋಗುತ್ತವೆ.

ಬಣ್ಣ ಹಾಕುವವರಿಗೆ ಒಂದು ಮಾತು. ಎರರ್‌ಗೆ ಕೆಂಪು ಬಣ್ಣ ಹಾಕುವ ಮುಂಚೆ 2 ಟರ್ಮಿನಲ್‌ಗೆ ಹೋಗುತ್ತಿದೆಯಾ ಅಂತ ನೋಡಬೇಕು, 1 ಅಲ್ಲ. 1ನ್ನು ನೋಡಿ ತೀರ್ಮಾನ ಮಾಡಿದರೆ, ಪೈಪ್ ಹಾಕಿದಾಗ ಸ್ಕ್ರೀನ್ ಮೇಲಿನ ಎರರ್ ಬಣ್ಣ ಕಳೆದುಕೊಳ್ಳುತ್ತದೆ, 2ನ್ನು ಮಾತ್ರ ಫೈಲ್‌ಗೆ ಕಳಿಸಿದಾಗ ಆ ಫೈಲ್‌ನಲ್ಲಿ ಬಣ್ಣದ ಕೋಡ್‌ಗಳ ಕಸ ತುಂಬುತ್ತದೆ.

ಮುಂದೆ ಈ ಟೂಲ್ ಅನ್ನು ಇನ್ನೊಂದು ಪ್ರೋಗ್ರಾಂ ಒಳಗಿಂದ ಓಡಿಸುತ್ತೇನೆ ಅಂದಿದ್ದೀರಿ. ಅಲ್ಲಿ ದಯವಿಟ್ಟು ಎಚ್ಚರ ಇರಲಿ, ಏಕೆಂದರೆ ಈ ತೊಂದರೆ ಚಿಕ್ಕ ಡೇಟಾದಲ್ಲಿ ಕಾಣುವುದೇ ಇಲ್ಲ. 1 ಮತ್ತು 2 ಎರಡಕ್ಕೂ ಬೇರೆ ಬೇರೆ ಪೈಪ್ ಕೊಟ್ಟು, ಮೊದಲು 1ನ್ನು ಪೂರ್ತಿ ಓದಿ ಆಮೇಲೆ 2ನ್ನು ಓದುತ್ತೇನೆ ಅಂತ ಬರೆದರೆ ಎರಡೂ ಪ್ರೋಗ್ರಾಂ ನಿಂತುಬಿಡಬಹುದು. ಲಿನಕ್ಸ್‌ನಲ್ಲಿ ಒಂದು ಪೈಪ್‌ನಲ್ಲಿ ಸಾಮಾನ್ಯವಾಗಿ 65,536 ಬೈಟ್ ಹಿಡಿಯುತ್ತದೆ. ಟೂಲ್ ಎಚ್ಚರಿಕೆಗಳನ್ನು ಬರೆದು ಬರೆದು 2ರ ಪೈಪ್ ತುಂಬಿಸಿದರೆ, ಯಾರಾದರೂ ಓದುವ ತನಕ ಅದು ಕಾಯುತ್ತದೆ. ಓದಬೇಕಾದ ಪ್ರೋಗ್ರಾಂ 1 ಮುಗಿಯಲಿ ಅಂತ ಕಾಯುತ್ತಿರುತ್ತದೆ. ಪೈಥಾನ್‌ನಲ್ಲಿ ಸಬ್‌ಪ್ರೋಸೆಸ್‌ನ ರನ್ ಅಥವಾ ಕಮ್ಯುನಿಕೇಟ್ ಬಳಸಿ, ಅವು ಎರಡನ್ನೂ ಒಟ್ಟಿಗೇ ಓದುತ್ತವೆ. 2 ಬೇಕಾಗಿಯೇ ಇಲ್ಲ ಅಂದರೆ ಅದಕ್ಕೆ ಪೈಪ್ ಕೊಡಬೇಡಿ, ಹಾಗೇ ಬಿಟ್ಟರೆ ಸ್ಕ್ರೀನ್‌ಗೆ ಹೋಗುತ್ತದೆ.

2ರಲ್ಲಿ ಏನಾದರೂ ಬಂದರೆ ಟೂಲ್ ಸೋತಿದೆ ಅಂತ ತೀರ್ಮಾನಿಸುವ ಕೋಡ್ ಕೂಡ ಬರೆಯಬೇಡಿ. ಕೋಡ್‌ನ ಆವೃತ್ತಿಗಳನ್ನು ಕಾಪಾಡುವ ಗಿಟ್ ಟೂಲ್ ಬ್ರಾಂಚ್ ಬದಲಾಯಿಸಿದಾಗ ‘ಬದಲಾಯಿಸಿದೆ’ ಅನ್ನೋ ಸಾಲನ್ನು 2ಕ್ಕೇ ಬರೆಯುತ್ತದೆ, ಕೆಲಸ ಮಾತ್ರ ಸರಿಯಾಗಿ ಆಗಿರುತ್ತದೆ. ಗೆದ್ದಿತೋ ಸೋತಿತೋ ಅಂತ ಹೇಳುವುದು ಎಕ್ಸಿಟ್ ಕೋಡ್ ಮಾತ್ರ.

ತಿದ್ದಿದ ಮೇಲೆ ಇರುವ ಒಂದು ಫೈಲ್, ಇಲ್ಲದ ಒಂದು ಫೈಲ್ ಎರಡನ್ನೂ ಕೊಟ್ಟು ಹೀಗೆ ಪರೀಕ್ಷೆ ಮಾಡಿ:

ಟೂಲ್ ಒಂದು.ಸಿಎಸ್‌ವಿ ಇಲ್ಲ.ಸಿಎಸ್‌ವಿ > /ಡೆವ್/ನಲ್

/ಡೆವ್/ನಲ್‌ಗೆ ಕಳಿಸಿದ್ದೆಲ್ಲ ಮಾಯವಾಗುತ್ತದೆ, ಹಾಗಾಗಿ ಸ್ಕ್ರೀನ್ ಮೇಲೆ ಎರರ್ ಮಾತ್ರ ಕಾಣಬೇಕು. ಒಂದು ಹೆಸರೂ ಇರಬಾರದು. ಆಮೇಲೆ > ಬದಲು 2> ಹಾಕಿ. ಈಗ ಹೆಸರುಗಳು ಮಾತ್ರ, ಎರರ್ ಇರಬಾರದು. ಎರಡು ಸಲವೂ ಓಡಿಸಿದ ಕೂಡಲೇ ಎಕೋ $? ಕೊಟ್ಟು ಕೋಡ್ ನೋಡಿ, 1 ಬರಬೇಕು.

ಲಿನಕ್ಸ್‌ನಲ್ಲಿದ್ದರೆ ಇನ್ನೂ ಒಂದು ಪರೀಕ್ಷೆ ಇದೆ, ಜಾಸ್ತಿ ಜನ ಇದನ್ನು ಮಾಡುವುದಿಲ್ಲ. ಈ ಸಲ ಇರುವ ಫೈಲ್ ಒಂದನ್ನೇ ಕೊಟ್ಟು, 1ನ್ನು /ಡೆವ್/ಫುಲ್‌ಗೆ ಕಳಿಸಿ. ಅಲ್ಲಿಗೆ ಏನು ಬರೆದರೂ ‘ಡಿಸ್ಕ್‌ನಲ್ಲಿ ಜಾಗ ಇಲ್ಲ’ ಅನ್ನೋ ಉತ್ತರವೇ ಬರುತ್ತದೆ. ಪಟ್ಟಿ ಬರೆಯಲು ಆಗಲಿಲ್ಲ ಅಂತ ಟೂಲ್ 2ಕ್ಕೆ ಹೇಳಿ, ಸೊನ್ನೆಯಲ್ಲದ ಕೋಡ್ ಕೊಡಬೇಕು. ಪೈಥಾನ್‌ನಲ್ಲಿ ಔಟ್‌ಪುಟ್ ಚಿಕ್ಕದಿದ್ದರೆ ಬಫರ್ ಖಾಲಿಯಾಗುವುದು ಪ್ರೋಗ್ರಾಂ ಮುಗಿಯುವಾಗ, ಆಗ ಒಂದು ಒರಟು ಸಂದೇಶದ ಜೊತೆ 120 ಅನ್ನೋ ಕೋಡ್ ಬರುತ್ತದೆ. ಅದರ ಬದಲು, ಕೊನೆಯಲ್ಲಿ ನೀವೇ 1ನ್ನು ಕ್ಲೋಸ್ ಮಾಡಿ (ಆಗ ಫ್ಲಶ್ ಕೂಡ ಆಗುತ್ತದೆ), ಆ ಎಕ್ಸೆಪ್ಶನ್ ಹಿಡಿದು, ‘ಹೆಸರುಪಟ್ಟಿ: ಬರೆಯಲು ಆಗಲಿಲ್ಲ’ ಅಂತ ಕಾರಣದ ಸಮೇತ 2ಕ್ಕೆ ಬರೆಯಿರಿ. ತಿದ್ದಿದ ಕೋಡ್ ಇಲ್ಲೇ ಹಾಕಿ, ನೋಡುತ್ತೇನೆ.