ಅನ್ನ ಬಿಟ್ಟು ಮುದ್ದೆ ಶುರು ಮಾಡಿದರೂ ಅಪ್ಪನ ಶುಗರ್ ಯಾಕೆ ಇಳಿಯುತ್ತಿಲ್ಲ?

ನಿಮ್ಮ ಅಪ್ಪ ಎರಡು ತಿಂಗಳಿಂದ ಅನ್ನ ಮುಟ್ಟಿಲ್ಲ, ಬೆಳಿಗ್ಗೆ ರಾಗಿ ಗಂಜಿ, ಮಧ್ಯಾಹ್ನ ರಾತ್ರಿ ಮುದ್ದೆ, ಆದರೂ ಊಟದ ನಂತರದ ಶುಗರ್ ಹಾಗೇ ಇದೆ ಅಂತ ಬರೆದಿದ್ದೀರಿ. ನಾನು ಕೇಳುವುದು ಒಂದೇ. ಮುದ್ದೆ ಎಷ್ಟು ದಪ್ಪ ಇರುತ್ತದೆ?

ತಮಾಷೆಗೆ ಕೇಳುತ್ತಿಲ್ಲ. ನಮ್ಮದು ಮಂಡ್ಯದ ಕಡೆ. ನಮ್ಮ ಮಾವನವರಿಗೂ ಹೀಗೇ ಆಗಿತ್ತು. ‘ಶುಗರ್ ಇರೋರು ಮುದ್ದೆ ಎಷ್ಟು ಉಂಡರೂ ಏನೂ ಆಗಲ್ಲ’ ಅಂತ ಯಾರೋ ಹೇಳಿಬಿಟ್ಟಿದ್ದರು. ಮಾವನವರಿಗೂ ಅದೇ ಬೇಕಿತ್ತು. ಒಂದು ದಿನ ಸುಮ್ನೆ ಹಿಟ್ಟನ್ನು ತಕ್ಕಡಿಗೆ ಹಾಕಿ ನೋಡಿದೆ. ಅವರ ಒಂದು ಮುದ್ದೆಗೆ 120 ಗ್ರಾಂ ಹಿಟ್ಟು ಹೋಗುತ್ತಿತ್ತು!

100 ಗ್ರಾಂ ರಾಗಿಯಲ್ಲಿ ಹೆಚ್ಚುಕಡಿಮೆ 70 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 78ರ ಹತ್ತಿರ. ವ್ಯತ್ಯಾಸ ಅಷ್ಟೇ. ಹೊಟ್ಟೆಗೆ ಹೋದ ಮೇಲೆ ಎರಡೂ ಒಡೆದು ಗ್ಲೂಕೋಸ್ ಆಗುವುದೇ. ಅಂದರೆ ಮಾವನವರು ನೂರು ಗ್ರಾಂ ಅಕ್ಕಿಯ ಅನ್ನದಷ್ಟನ್ನು ಮುದ್ದೆಯ ರೂಪದಲ್ಲಿ ಉಣ್ಣುತ್ತಿದ್ದರು, ದಿನಕ್ಕೆ ಎರಡು ಸಲ.

ಹಾಗಂತ ರಾಗಿ ದಂಡ ಅಲ್ಲ. ಅದರಲ್ಲಿ ನಾರಿನಂಶ 100 ಗ್ರಾಂಗೆ ಸುಮಾರು 11 ಗ್ರಾಂ, ಬಿಳಿ ಅಕ್ಕಿಯಲ್ಲಿ ಮೂರು ಗ್ರಾಂ ಕೂಡ ಇಲ್ಲ. ಕ್ಯಾಲ್ಸಿಯಂ ಅಂತೂ 340 ಮಿಲಿಗ್ರಾಂ ದಾಟುತ್ತದೆ, ಅಕ್ಕಿಯಲ್ಲಿ ಹತ್ತರ ಆಸುಪಾಸು. ರಾಗಿ ಬಿಡಿಸಬೇಡಿ. ಆದರೆ ಅದನ್ನು ಮಾತ್ರೆಯ ಹಾಗೆ ನೋಡಬೇಡಿ.

ಗಂಜಿ ಬೇರೆಯೇ ಕಥೆ. ಯಾವ ಆಹಾರ ರಕ್ತದ ಸಕ್ಕರೆಯನ್ನು ಎಷ್ಟು ಏರಿಸುತ್ತದೆ ಅಂತ ಹೋಲಿಸಲು ಗ್ಲೈಸೆಮಿಕ್ ಇಂಡೆಕ್ಸ್ ಅಂತ ಒಂದು ಅಳತೆ ಇದೆ. ಟೊರಾಂಟೊದ ಡೇವಿಡ್ ಜೆಂಕಿನ್ಸ್ ಮತ್ತು ಜೊತೆಗಾರರು 1981ರಲ್ಲಿ ತಂದದ್ದು. ಒಂದೇ ಧಾನ್ಯಕ್ಕೂ ಈ ಅಂಕಿ ಒಂದೇ ಇರುವುದಿಲ್ಲ. ಎಷ್ಟು ನುಣ್ಣಗೆ ಬೀಸಿದ್ದೀರಿ, ಎಷ್ಟು ಬೇಯಿಸಿದ್ದೀರಿ ಅನ್ನುವುದರ ಮೇಲೆ ಬದಲಾಗುತ್ತದೆ. ನುಣ್ಣನೆ ಹಿಟ್ಟನ್ನು ತೆಳ್ಳಗೆ ಕಾಯಿಸಿ ಕುಡಿದರೆ ಹೊಟ್ಟೆಯಲ್ಲಿ ನಿಲ್ಲುವುದೇ ಇಲ್ಲ, ಬೇಗ ಇಳಿದು ಬೇಗ ರಕ್ತ ಸೇರುತ್ತದೆ. ಬೆಲ್ಲ ಹಾಕಿದರಂತೂ ಕೇಳಲೇಬೇಡಿ. ನಿಮ್ಮ ಮನೆಯಲ್ಲಿ ನಾನು ಮೊದಲು ನಿಲ್ಲಿಸುವುದು ಆ ಗಂಜಿಯನ್ನೇ.

ಇನ್ನು ಸಾರು. ನಮ್ಮನೆಯ ಬಸ್ಸಾರಿನ ದಿನ ಒಂದು ವಿಷಯ ಗಮನಿಸಿದೆ. ಕಾಳು ಸೊಪ್ಪು ಬೇಯಿಸಿ, ಬಸಿದ ನೀರಿಗೆ ಖಾರ ರುಬ್ಬಿ ಹಾಕಿ ಸಾರು ಮಾಡುತ್ತೇವೆ, ಮಿಕ್ಕಿದ್ದಕ್ಕೆ ಒಗ್ಗರಣೆ ಹಾಕಿದರೆ ಪಲ್ಯ. ಮಾವನವರು ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗಿ, ಪಲ್ಯವನ್ನು ತಟ್ಟೆಯ ಅಂಚಿಗೆ ತಳ್ಳುತ್ತಿದ್ದರು. ಪ್ರೋಟೀನು, ನಾರು ಎಲ್ಲ ಇದ್ದದ್ದು ಆ ಅಂಚಿನಲ್ಲೇ! ರಾಗಿಯಲ್ಲಿ ಪ್ರೋಟೀನ್ 100 ಗ್ರಾಂಗೆ ಏಳು ಗ್ರಾಂ ಅಷ್ಟೇ, ಹುರುಳಿಕಾಳಿನಲ್ಲಿ 22ರ ಹತ್ತಿರ. ಅದೂ ಅಲ್ಲದೆ ಮುದ್ದೆ ನುಂಗುವ ಊಟ, ಐದು ನಿಮಿಷದಲ್ಲಿ ತಟ್ಟೆ ಖಾಲಿ. ಹೊಟ್ಟೆ ತುಂಬಿತು ಅಂತ ತಲೆಗೆ ತಿಳಿಯಲು ಹದಿನೈದು ಇಪ್ಪತ್ತು ನಿಮಿಷ ಬೇಕು.

ಆಮೇಲೆ ಮುದ್ದೆ ಅರ್ಧ ಮಾಡಿದೆವು, 60 ಗ್ರಾಂ ಹಿಟ್ಟಿನದು. ಮೊದಲು ಪಲ್ಯ ಖಾಲಿಯಾಗಬೇಕು, ಆಮೇಲೆ ಮುದ್ದೆ ಬಡಿಸುವುದು. ಒಂದು ವಾರ ಅತ್ತೆಗೂ ಮಾವನವರಿಗೂ ನನ್ನ ಮೇಲೆ ಮುನಿಸಿತ್ತು, ಅದನ್ನೂ ಹೇಳಬೇಕಲ್ವಾ? ಊಟವಾಗಿ ಎರಡು ಗಂಟೆಯ ನಂತರ ನೋಡಿದರೆ 240 ಬರುತ್ತಿದ್ದ ಶುಗರ್ ಒಂದೂವರೆ ತಿಂಗಳಲ್ಲಿ 180ರ ಹತ್ತಿರ ಬಂತು. ರಾತ್ರಿ ಊಟದ ನಂತರ ಸ್ವಲ್ಪ ನಡೆಯುವುದನ್ನೂ ಸೇರಿಸಿದ್ದೆವು, ಹಾಗಾಗಿ ಎಲ್ಲ ಮುದ್ದೆಯಿಂದಲೇ ಅನ್ನಲಾರೆ.

ಒಂದು ಎಚ್ಚರಿಕೆ. ಅಪ್ಪ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತರಹದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಊಟ ಇಳಿಸುವ ಮೊದಲು ಡಾಕ್ಟರಿಗೆ ಹೇಳಿ. ಮಾತ್ರೆ ಅಷ್ಟೇ ಇದ್ದು ಊಟ ಅರ್ಧವಾದರೆ ಸಕ್ಕರೆ 70ಕ್ಕಿಂತ ಕೆಳಗೆ ಹೋಗಿ ಬೆವರು, ನಡುಕ, ತಲೆಸುತ್ತು ಬರಬಹುದು.

ನಾಳೆ ನಿಮ್ಮ ಮನೆಯ ಹಿಟ್ಟನ್ನೂ ಒಮ್ಮೆ ತೂಗಿ. ಎಷ್ಟು ಬಂತು ಅಂತ ಇಲ್ಲೇ ಬರೆಯಿರಿ, ಲೆಕ್ಕ ಹಾಕಿ ಹೇಳುತ್ತೇನೆ.