ಅಗ್ನಿಶಾಮಕ ದಳ ಇರುವಾಗ ಹಾವೇರಿ ಕಡೆಯ ಹಳ್ಳಿ ಹುಡುಗರಿಗೆ ಲೈಫ್‌ಗಾರ್ಡ್ ತರಬೇತಿ ಯಾಕೆ ಬೇಕು?

ಸಮಯ ಸಾಲುವುದಿಲ್ಲ, ಅದಕ್ಕೇ. ಮುಳುಗಿದವರ ಉಸಿರು ನಿಂತರೆ ನಾಲ್ಕೈದು ನಿಮಿಷದಲ್ಲಿ ಮೆದುಳಿಗೆ ಪೆಟ್ಟು ಬೀಳಲು ಶುರುವಾಗುತ್ತದೆ. ಅಷ್ಟರೊಳಗೆ ತಾಲೂಕು ಕೇಂದ್ರದ ಗಾಡಿ ತುಂಗಭದ್ರೆ ದಂಡೆಗೋ ವರದಾ ದಂಡೆಗೋ ಬರುವುದು ಕಷ್ಟ. ಆ ಹೊತ್ತಿಗೆ ಅಲ್ಲಿರುವವರು ಊರಿನವರೇ ಅಲ್ವಾ?

ಆದರೆ ಈಜು ಬಂದರಷ್ಟೇ ಸಾಲದು. ಮುಳುಗುತ್ತಿರುವವರು ಕೈಗೆ ಸಿಕ್ಕವರನ್ನು ಗಟ್ಟಿಯಾಗಿ ಅಪ್ಪಿಕೊಂಡುಬಿಡುತ್ತಾರೆ. ಕಾಪಾಡಲು ಹೋದವರೂ ಮುಳುಗುವುದು ಹೀಗೇ. ಹಾಗಾಗಿ ಮೊದಲ ಪಾಠವೇ ನೀರಿಗೆ ಹಾರದಿರುವುದು. ದಂಡೆಯ ಮೇಲೆ ಬೋರಲು ಮಲಗಿ ಬಿದಿರಿನ ಗಳ ಚಾಚಬೇಕು, ಇಲ್ಲಾ ಹಗ್ಗ ಕಟ್ಟಿದ ಖಾಲಿ ಕ್ಯಾನ್ ಎಸೆಯಬೇಕು. ಕೃಷಿ ಹೊಂಡದಲ್ಲಂತೂ ಇದು ಇನ್ನೂ ಮುಖ್ಯ. ಒಳಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿ ಹಿಡಿದು ಜಾರುತ್ತದೆ, ಈಜು ಬಲ್ಲವರಿಗೂ ಮೇಲೆ ಹತ್ತಲು ಆಗುವುದಿಲ್ಲ.

ಹೊರಗೆ ಎಳೆದ ಮೇಲೆ ಉಸಿರಿಲ್ಲದಿದ್ದರೆ ಹೊಟ್ಟೆ ಒತ್ತಿ ನೀರು ತೆಗೆಯುತ್ತಾ ಕೂರಬಾರದು. ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು. ಆಮೇಲೆ 30 ಸಲ ಎದೆ ಒತ್ತುವುದು, 2 ಸಲ ಉಸಿರು, ಹೀಗೇ ಬಿಡದೆ. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಫೋನ್ ಮಾಡಬೇಕು.

ಇಷ್ಟನ್ನೂ ಒಬ್ಬರೇ ಕಲಿಸಲಾಗದು. ಹಗ್ಗ, ಗಳದ ಕೆಲಸವನ್ನು ಅಗ್ನಿಶಾಮಕ ಸಿಬ್ಬಂದಿ ಹೇಳಿಕೊಡಲಿ, ಉಸಿರು ಕೊಡುವುದನ್ನು ಆರೋಗ್ಯ ಕೇಂದ್ರದ ನರ್ಸ್. ಸಾಮಾನು ಪಂಚಾಯಿತಿಯದು. ಸುಳಿ ಎಲ್ಲಿದೆ, ಮರಳು ತೆಗೆದ ಗುಂಡಿ ಎಲ್ಲಿದೆ ಅನ್ನುವುದು ಚೆನ್ನಾಗಿ ಗೊತ್ತಿರುವುದು ಅಂಬಿಗರಿಗೆ. ಅವರನ್ನು ಬಿಟ್ಟು ತರಬೇತಿ ಮಾಡಲೇಬಾರದು ಅಂತ ನನಗನಿಸುತ್ತದೆ. 18 ತುಂಬದವರಿಗೆ ಮನೆಯವರ ಒಪ್ಪಿಗೆ ಬೇಕು, ಅವರೊಬ್ಬರನ್ನೇ ಕಾವಲಿಗೆ ನಿಲ್ಲಿಸಬೇಡಿ.